ದೊಡ್ಡಪ್ಪನ ಸೋಗು

ಹತ್ತು ಟನ್ನಿನ ಸುತ್ತಿಗೆಯ ಎಡಗಂಬದಲ್ಲಿ ಬಿರುಕಿದೆ ಎಂಬ ಅನುಮಾನ ಸುಲೋಚನಾ ಬಡಿಗೇರಳಿಗೆ ಒಂದು ವಾರದಿಂದ ಇತ್ತು. ಊಟದ ಬಿಡುವಿನಲ್ಲಿ ಅವಳು ಕಂಬದ ಬುಡಕ್ಕೆ ಸೀಮೆಎಣ್ಣೆ ಸವರಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಪಕ್ಕದಲ್ಲೇ ಕುಳಿತಳು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಬರಲೇಬೇಕು. ಐದು ನಿಮಿಷದಲ್ಲಿ ಬಿಳಿ ಪುಡಿಯ ಮೇಲೆ ಗೇಣುದ್ದದ ಕಪ್ಪು ಗೆರೆ ಮೂಡಿತು.

ಬೆಳಗಾವಿಯ ಹೊರಗಿನ ಕೈಗಾರಿಕಾ ವಸಾಹತಿನಲ್ಲಿದ್ದ ಕರಿಕಲ್ಲು ಫೋರ್ಜಿಂಗ್ಸ್ ರೈಲು ಗಾಲಿಗಳ ಅಚ್ಚುಗಳನ್ನು ಮಾಡುವ ಕಾರ್ಖಾನೆ. ಕಾದ ಉಕ್ಕನ್ನು ಬಡಿದು ಆಕಾರ ಕೊಡುವ ಆ ಸುತ್ತಿಗೆಗೆ ಕೆಲಸಗಾರರು ದೊಡ್ಡಪ್ಪ ಎಂದು ಹೆಸರಿಟ್ಟಿದ್ದರು. ದುರಸ್ತಿ ವಿಭಾಗದ ಮುಖ್ಯಸ್ಥೆಯಾದ ಸುಲೋಚನಾ ಕಾಲೇಜು ಕಂಡವಳಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಗ್ರೀಸು ಹಚ್ಚುವ ಕೆಲಸಕ್ಕೆ ಸೇರಿ, ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಕಲಿತವಳು.

ಸುತ್ತಿಗೆ ನಡೆಸುತ್ತಿದ್ದ ದಸ್ತಗೀರ ಮುಲ್ಲಾ ಬಗ್ಗಿ ಆ ಗೆರೆಯನ್ನು ನೋಡಿದ. ಅವನ ಕೈಕೆಳಗೆ ಹತ್ತು ಜನರಿದ್ದರು.

"ಇದು ಹೋದ್ರ ಏನಾಗ್ತೈತಿ ಅಕ್ಕಾ?"

"ಕಂಬ ಈ ಕಡೆ ಬೀಳ್ತೈತಿ."

"ಈ ಕಡೆ ನಾ ನಿಂತಿರ್ತೇನಲ್ಲ."

"ಅದಕ್ಕ ಹೇಳಾಕತ್ತೇನಿ."

ಅಂದು ಮಧ್ಯಾಹ್ನವೇ ಅವಳು ವ್ಯವಸ್ಥಾಪಕ ನಿರ್ದೇಶಕ ವಿಕ್ರಾಂತ ದೇಸಾಯಿಯ ಕೋಣೆಗೆ ಹೋದಳು. ದೇಸಾಯಿಯ ಮೇಜಿನ ಎದುರಿನ ಗೋಡೆಯ ಮೇಲೆ ಎರಡು ಗೆರೆಗಳು ಸದಾ ಓಡುತ್ತಿದ್ದವು. ಒಂದು ಕಂಪನಿಯ ಶೇರಿನ ಬೆಲೆ. ಇನ್ನೊಂದು ದೊಡ್ಡಪ್ಪನ ಏಟುಗಳ ಎಣಿಕೆ. ಎರಡನೆಯದನ್ನು ಲೆಕ್ಕ ಹಾಕುತ್ತಿದ್ದವರು ಕಂಪನಿಯವರಲ್ಲ, ಮುಂಬಯಿಯಲ್ಲಿ ಕುಳಿತವರು.

"ಎಂಟು ದಿನ ನಿಲ್ಲಿಸಬೇಕ್ರಿ ಸಾಹೇಬ್ರ. ಬಿರುಕು ಹೊಲೀಬೇಕು."

"ಎಂಟು ದಿನ?" ದೇಸಾಯಿ ನಕ್ಕ. "ಎಂಟು ತಾಸು ನಿಂತ್ರ ನೆಲಗಿವಿಗೆ ಗೊತ್ತಾಗ್ತೈತಿ. ಫೆಬ್ರುವರಿದಾಗ ಮೂರ ದಿನ ನಿಲ್ಸಿದ್ವಿ. ಏನಾತು, ಮರ್ತೀರೇನು?"

ಅವಳು ಮರೆತಿರಲಿಲ್ಲ. ಆ ಮೂರು ದಿನದಲ್ಲಿ ಶೇರಿನ ಬೆಲೆ ಅರ್ಧಕ್ಕೆ ಇಳಿದದ್ದನ್ನು ಯಾರೂ ಮರೆತಿರಲಿಲ್ಲ.

ನೆಲಗಿವಿ ಎಂದರೆ ಹೊಸದಾಗಿ ಹೂತ ಯಂತ್ರವೇನೂ ಅಲ್ಲ. ಮನೆಮನೆಗೆ ಇಂಟರ್ನೆಟ್ ತರುವ ಗಾಜಿನ ಎಳೆಯ ಕೇಬಲ್ಲೇ ಅದು. ರಸ್ತೆಯ ಪಕ್ಕ ಹೂತ ಕೇಬಲ್ಲಿನಲ್ಲಿ ಬಳಸದೆ ಬಿಟ್ಟ ಎಳೆಗಳು ಇದ್ದೇ ಇರುತ್ತವೆ. ಅಂಥ ಒಂದು ಎಳೆಯೊಳಗೆ ಬೆಳಕಿನ ಮಿಣುಕು ಬಿಟ್ಟರೆ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ನೆಲ ಅದುರಿದಾಗ ಗಾಜು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಂದಿರುಗುವ ಬೆಳಕು ಅಷ್ಟರಮಟ್ಟಿಗೆ ಬದಲಾಗುತ್ತದೆ. ಅದನ್ನು ಓದುವ ಗಣಕ ಯಾವ ಊರಿನ ಯಾವ ಶೆಡ್ಡಿನಲ್ಲಿ ಯಾವ ಯಂತ್ರ ಎಷ್ಟು ಸಲ ಬಡಿಯಿತೆಂದು ಹೇಳಬಲ್ಲದು. ಆ ವರದಿ ಪ್ರತಿ ಸಂಜೆ ದುಡ್ಡು ಕೊಟ್ಟವರ ಫೋನಿಗೆ ಹೋಗುತ್ತಿತ್ತು.

ದುಡ್ಡು ಕೊಡುತ್ತಿದ್ದವರಲ್ಲಿ ಬಹಳ ಜನ ಬೀಳಿಸುವವರು. ಶೇರು ಬೀಳುತ್ತದೆ ಎಂದು ಪಣ ಕಟ್ಟುವವರಿಗೆ ಊರಿನಲ್ಲಿ ಹಾಗೇ ಹೆಸರು. ನಿಮ್ಮ ಹತ್ತಿರ ಉಳ್ಳಾಗಡ್ಡಿ ಇಲ್ಲ. ಪಕ್ಕದ ಮನೆಯವರಿಂದ ಒಂದು ಚೀಲ ಕಡ ತಂದು ಇವತ್ತಿನ ಬೆಲೆಗೆ ಮಾರಿಬಿಡುತ್ತೀರಿ. ಮುಂದಿನ ವಾರ ಬೆಲೆ ಬಿದ್ದಾಗ ಒಂದು ಚೀಲ ಅಗ್ಗಕ್ಕೆ ಕೊಂಡು ಅವರಿಗೆ ವಾಪಸು ಕೊಡುತ್ತೀರಿ. ನಡುವೆ ಉಳಿದದ್ದು ನಿಮ್ಮದು. ಬೆಲೆ ಏರಿದರೆ ನಿಮ್ಮ ಮನೆ ಹಾಳು. ಶೇರಿನಲ್ಲಿ ಇದೇ ಆಟ, ಈಗ ಅಡುಗೆಮನೆಯಲ್ಲಿ ಕುಳಿತು ಫೋನಿನಲ್ಲೇ ಆಡಬಹುದಾಗಿತ್ತು.

ಬೀಳಿಸುವವರು ಮಾಡಿದ್ದೆಲ್ಲ ಕೆಟ್ಟದ್ದೂ ಅಲ್ಲ. ಎರಡು ವರ್ಷದ ಹಿಂದೆ ಒಂದು ಸಿಮೆಂಟ್ ಕಂಪನಿ ಗಿರಣಿ ತಿರುಗಿಸದೆಯೇ ಲಕ್ಷ ಟನ್ನು ಮಾಡಿದೆವೆಂದು ಬರೆದುಕೊಂಡಾಗ ನೆಲಗಿವಿಯೇ ಅದನ್ನು ಹಿಡಿದಿತ್ತು. ನೀರಿನ ಟಾಕಿಯಲ್ಲಿ ಇಲಿ ಸತ್ತಿದೆ ಎಂದು ಹೇಳುವ ನೆರೆಯವನು ಶತ್ರುವಲ್ಲ ಎಂದೇ ಸುಲೋಚನಾ ಆಗ ಅಂದುಕೊಂಡಿದ್ದಳು. ಆದರೆ ಯಾರೋ ಸದಾ ಕಿವಿಗೊಟ್ಟಿದ್ದಾರೆ ಎಂದು ತಿಳಿದ ಮೇಲೆ ಕಂಪನಿಗಳ ನಡತೆ ಬದಲಾಯಿತು. ಸಕ್ಕರೆ ಕಾರ್ಖಾನೆಗಳು ಕಬ್ಬಿಲ್ಲದೆ ಗಾಣ ತಿರುಗಿಸಿದವು. ಮಗ್ಗಗಳು ನೂಲಿಲ್ಲದೆ ಆಡಿದವು. ಕರಿಕಲ್ಲಿನಲ್ಲಿ ದುರಸ್ತಿಗೆಂದು ಯಂತ್ರ ನಿಲ್ಲಿಸುವುದೇ ನಿಂತುಹೋಯಿತು. ಒಳಗಿನ ಸುದ್ದಿ ಹೊರಗೆ ಹೋಗಬಾರದೆಂದು ಕಂಪನಿ 'ನಂಬಿಕೆ ವಿಭಾಗ' ತೆರೆಯಿತು. ಕೆಲಸಗಾರರೂ ಅವರ ಮನೆಯವರೂ ಕರಿಕಲ್ಲಿನ ಶೇರು ಬೀಳಿಸುವುದಿಲ್ಲ ಎಂದು ಬರೆದುಕೊಡಬೇಕಾಗಿತ್ತು. ಅಂದಿನಿಂದ ಕ್ಯಾಂಟೀನಿನಲ್ಲಿ ಒಂದೇ ಬುತ್ತಿಯಿಂದ ಉಣ್ಣುತ್ತಿದ್ದವರು ಬೇರೆ ಬೇರೆ ಮೇಜಿಗೆ ಹೋದರು. ಯಾವನಾದರೂ ಹೊಸ ಬೈಕು ತಂದರೆ ಉಳಿದವರು ಅದರ ಸುತ್ತ ಸುಮ್ಮನೆ ಒಂದು ಸುತ್ತು ಹಾಕುತ್ತಿದ್ದರು.

ಸುಲೋಚನಳ ಗಂಡ ಮಿರಜದ ರೈಲ್ವೆ ಯಾರ್ಡಿನಲ್ಲಿ ಕೆಲಸಕ್ಕಿದ್ದು ರವಿವಾರ ಮಾತ್ರ ಬರುತ್ತಿದ್ದ. ಮನೆಯಲ್ಲಿ ಅವಳೂ ಅತ್ತೆ ಅಂಬವ್ವನೂ ಇಬ್ಬರೇ. ಎಪ್ಪತ್ತೆಂಟು ವರ್ಷದ ಅಂಬವ್ವ ಕನ್ನಡಕ ಮೂಗಿನ ತುದಿಗೆ ಇಳಿಸಿ ಫೋನು ತೀಡುತ್ತಿದ್ದಳು. ಟೂತ್‌ಪೇಸ್ಟ್ ಕಂಪನಿ, ಚಪ್ಪಲಿ ಕಂಪನಿ, ಯಾವುದನ್ನೂ ಬೀಳಿಸದೆ ಬಿಟ್ಟವಳಲ್ಲ.

"ಇವತ್ತ ದೊಡ್ಡಪ್ಪ ಹ್ಯಾಂಗ ಅದಾನ?" ಎಂದಳು ಅಂದು ಸಂಜೆ, ಫೋನಿನಿಂದ ತಲೆಯೆತ್ತದೆ.

"ಯಾಕ ಕೇಳ್ತೀರಿ?"

"ಮುಖ ಸಣ್ಣ ಮಾಡ್ಕೊಂಡ ಬಂದಿಯಲ್ಲ, ಅದಕ್ಕ ಕೇಳಿದೆ."

"ಛಲೋ ಅದಾನ."

"ಛಲೋ ಇದ್ರ ಛಲೋ ಆತು." ಅಂಬವ್ವ ಫೋನನ್ನು ಮಗುಚಿ ಇಟ್ಟಳು. "ನಾ ಬರದ ಕೊಟ್ಟೇನವಾ. ಸೊಸಿ ಕಂಪನಿ ಮುಟ್ಟಂಗಿಲ್ಲ."

ಕೇಳದಿದ್ದ ಮಾತಿಗೆ ಉತ್ತರ ಕೊಟ್ಟಳಲ್ಲ ಎಂದುಕೊಳ್ಳುತ್ತ ಸುಲೋಚನಾ ರೊಟ್ಟಿಯ ಹಿಟ್ಟು ನಾದಿದಳು.

ಮೂರು ದಿನ ಅವಳು ಯೋಚಿಸಿದಳು. ನಾಲ್ಕನೆಯ ದಿನ ದೇಸಾಯಿಯ ಕೋಣೆಗೆ ಮತ್ತೆ ಹೋಗಿ, "ಅವರಿಗೆ ಬೇಕಾದ್ದು ಸಪ್ಪಳ ಹೌದಲ್ರಿ? ಸಪ್ಪಳಾ ಕೊಡೂಣ. ಅಷ್ಟರಾಗ ನಾ ಹೊಲಿದ ಮುಗಸ್ತೇನಿ," ಎಂದಳು.

ಹೀಗೆ ಸೋಗು ಹುಟ್ಟಿತು. ಶೆಡ್ಡಿನ ಹಿಂದೆ ಆಳವಾದ ಗುಂಡಿ ತೆಗೆದು, ಅದರಲ್ಲಿ ಕಬ್ಬಿಣ ತುಂಬಿದ ಕಾಂಕ್ರೀಟಿನ ಒಂದು ಗುಂಡನ್ನು ಎಣ್ಣೆಯ ಒತ್ತಡದಿಂದ ಎತ್ತಿ ಬೀಳಿಸುವ ವ್ಯವಸ್ಥೆ ಮಾಡಿದರು. ಕೆಳಗೆ ರಬ್ಬರು, ಮರಳು, ಉಕ್ಕಿನ ಹಲಗೆ. ನಿರಂಜನ ಎಂಬ ಎಂಜಿನಿಯರ್ ದೊಡ್ಡಪ್ಪನ ಆರು ತಿಂಗಳ ಏಟುಗಳ ದಾಖಲೆಯನ್ನು ಗಣಕಕ್ಕೆ ಉಣಿಸಿ, ಗುಂಡು ಅದೇ ಭಾರದಲ್ಲಿ, ಅದೇ ಬಿಡುವಿನಲ್ಲಿ ಬೀಳುವಂತೆ ಹೊಂದಿಸಿದ. ಚಹಾದ ವೇಳೆಗೆ ನಿಲ್ಲುವುದನ್ನೂ ಕಲಿಸಿದ.

ನಿಯಂತ್ರಣ ಕೋಣೆಯಲ್ಲಿ ಮೊದಲ ದಿನ ಸುಲೋಚನಾ, ದೇಸಾಯಿ, ನಿರಂಜನ, ದಸ್ತಗೀರ ನಾಲ್ವರೂ ನಿಂತಿದ್ದರು. ಶೆಡ್ಡಿನೊಳಗೆ ದೊಡ್ಡಪ್ಪ ತಣ್ಣಗೆ ನಿಂತಿದ್ದ. ಹಿಂದಿನ ಗುಂಡಿಯಲ್ಲಿ ಸೋಗು ಬಡಿಯುತ್ತಿತ್ತು. ಸಂಜೆ ಬಂದ ಮುಂಬಯಿಯ ವರದಿಯಲ್ಲಿ ಕರಿಕಲ್ಲು: ನಾಲ್ಕು ಸಾವಿರದ ಇನ್ನೂರು ಏಟು, ಎಲ್ಲ ಸರಿಯಾಗಿದೆ.

"ನಿಮ್ಮ ತಲಿ ಅಂದ್ರ ತಲಿ ಬಿಡ್ರಿ ಬಾಯಾರ," ಎಂದ ದೇಸಾಯಿ.

ದಸ್ತಗೀರ ಮಾತ್ರ ನಗಲಿಲ್ಲ. "ನನ್ನ ಬದಲಿ ಒಬ್ಬಾಂವ ಬಂದಾಂಗಾತು," ಎಂದ. "ಪಗಾರ ಕೇಳಂಗಿಲ್ಲ, ರಜಾ ಕೇಳಂಗಿಲ್ಲ. ನನಗ್ಯಾಕೋ ಅನುಮಾನ ಅಕ್ಕಾ."

ಸುಲೋಚನಾ ಕೆಲಸಕ್ಕೆ ಇಳಿದಳು. ಎರಕದ ಉಕ್ಕನ್ನು ಬೆಸುಗೆ ಹಾಕಿದರೆ ಕಾವಿಗೆ ಕಂಬ ಸೊಟ್ಟಗಾಗುತ್ತದೆ. ಅದಕ್ಕೇ ಲೋಹದ ಹೊಲಿಗೆ. ಬಿರುಕಿಗೆ ಅಡ್ಡಲಾಗಿ ರಂಧ್ರಗಳ ಸಾಲು ಕೊರೆದು, ಅದರಲ್ಲಿ ಗಟ್ಟಿ ಲೋಹದ ಬೀಗಗಳನ್ನು ಬಡಿದು ಕೂರಿಸುವುದು. ಒಟ್ಟು ನಲವತ್ತೆರಡು ಬೇಕಾಗಿತ್ತು. ಮೂರನೆಯ ದಿನದ ಹೊತ್ತಿಗೆ ಹದಿನೈದು ಕೂತಿದ್ದವು.

ಅಂದು ಮಧ್ಯಾಹ್ನ ದೇಸಾಯಿ ಶೆಡ್ಡಿಗೇ ಬಂದ. "ಇಷ್ಟ ಸಾಕು. ನಾಳಿಂದ ಸುತ್ತಿಗಿ ನಡೀಲಿ."

"ಇನ್ನೂ ಇಪ್ಪತ್ತೇಳು ಉಳದಾವ್ರಿ."

"ಸೋಗಿನ ಏಟು ಹತ್ತು ಪರ್ಸೆಂಟ್ ಜಾಸ್ತಿ ಮಾಡ್ಸೇನಿ. ಶೇರು ಏರೇತಿ. ಇನ್ನ ಮಾಲೂ ಅಷ್ಟ ಕಳಸಬೇಕು, ಇಲ್ಲಾಂದ್ರ ಅನುಮಾನ ಬರ್ತೈತಿ."

"ಮತ್ತ ಬಿರುಕು?"

"ಹಗುರಕ ಬಡೀರಿ. ಒಂದರ ಬದಲಿ ನಾಕು ಏಟು ಹಾಕ್ರಿ. ನೆಲಗಿವಿಗೆ ಬೇಕಾದ ಜೋರ ಸಪ್ಪಳಾ ಹಿಂದ ಐತಲ್ಲ."

ಸುಲೋಚನಳಿಗೆ ತನ್ನ ತಪ್ಪು ಆಗ ಕಂಡಿತು. ದುರಸ್ತಿಗೆ ಎಂಟು ದಿನ ಕಳ್ಳತನದಿಂದ ಕೊಡಿಸುತ್ತೇನೆ ಅಂದುಕೊಂಡಿದ್ದಳು. ಆದರೆ ಮುರಿಯುವುದು ಹೊರಗೆ ಕೇಳುವುದಿಲ್ಲ ಎಂದಾದ ಮೇಲೆ ದುರಸ್ತಿಯೇ ಯಾರಿಗೂ ಬೇಡವಾಗಿತ್ತು. ಬೀಳಿಸುವವರ ಹೆದರಿಕೆಗೆ ದೇಸಾಯಿ ಯಂತ್ರ ನಿಲ್ಲಿಸುತ್ತಿರಲಿಲ್ಲ. ಈಗ ಹೆದರಿಕೆ ಹೋದ ಮೇಲೂ ನಿಲ್ಲಿಸಲಿಲ್ಲ.

ಯಂತ್ರ ನಿಲ್ಲಿಸಬೇಕೆಂದು ಅವಳು ದೇಸಾಯಿಗೆ ಕಾಗದ ಬರೆದುಕೊಟ್ಟಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಈ ಸಲ ನಂಬಿಕೆ ವಿಭಾಗದವರು ಕರೆದು, ಇಂಥ ಕಾಗದದ ಪ್ರತಿ ಮನೆಯಲ್ಲೇನಾದರೂ ಇದೆಯೇ ಎಂದು ಕೇಳಿದರು. ದಸ್ತಗೀರ ಮತ್ತು ಅವನ ಹತ್ತು ಜನ ಆರು ವಾರ ಆ ಕಂಬದ ಬುಡದಲ್ಲಿ ನಿಂತು ದುಡಿದರು. ಪ್ರತಿ ಬೆಳಗ್ಗೆ ಅವಳು ಬಿರುಕಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಪ್ರತಿ ವಾರ ಗೆರೆ ಗುರುತನ್ನು ದಾಟುತ್ತಿತ್ತು.

ಅಷ್ಟರಲ್ಲಿ ಖಂಡೇನವಮಿ ಬಂತು.

ಬೇರೆ ಊರಿನವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ. ಆ ವಸಾಹತಿನ ಮುನ್ನೂರು ಶೆಡ್ಡುಗಳಿಗೆ ವಾರದ ರಜೆ ಒಬ್ಬೊಬ್ಬರಿಗೆ ಒಂದೊಂದು ದಿನ. ಎಲ್ಲ ಒಟ್ಟಿಗೆ ನಿಲ್ಲುವುದು ವರ್ಷಕ್ಕೆ ಒಂದೇ ಸಲ, ಆಯುಧಪೂಜೆಯ ದಿನ. ಅಂದು ಯಾರೂ ಕೀಲಿಕೈಯನ್ನೂ ತಿರುಗಿಸುವುದಿಲ್ಲ, ಸ್ಪ್ಯಾನರನ್ನೂ ಎತ್ತುವುದಿಲ್ಲ. ಯಂತ್ರಗಳನ್ನು ತೊಳೆದು, ಚೆಂಡುಹೂ ಕಟ್ಟಿ, ಕುಂಬಳಕಾಯಿ ಒಡೆದು ಚುರುಮುರಿ ಹಂಚುತ್ತಾರೆ. ದಸ್ತಗೀರನೇ ಪ್ರತಿ ವರ್ಷ ದೊಡ್ಡಪ್ಪನಿಗೆ ಮೊದಲ ಹಾರ ಹಾಕುವವನು. ಈ ವರ್ಷವೂ ಹಾಕಿದ.

ಮಂಗಳಾರತಿ ಮುಗಿದು ಜನ ಚದುರಿದ ಮೇಲೆ ಸುಲೋಚನಾ ಬಿರುಕಿನ ಪಕ್ಕ ಕುಂಕುಮ ಇಡಲು ಬಗ್ಗಿ, ಇನ್ನೊಂದು ಅಂಗೈಯನ್ನು ಕಂಬಕ್ಕೆ ಊರಿದಳು. ಕಂಬ ಅದುರುತ್ತಿತ್ತು. ಮೂರು ಸೆಕೆಂಡಿಗೊಮ್ಮೆ, ಸಣ್ಣಗೆ.

ಹಿಂದಿನ ಗುಂಡಿಯಲ್ಲಿ ಸೋಗು ಬಡಿಯುತ್ತಿತ್ತು.

ಆರು ವಾರದಿಂದ ಹಗಲೆಲ್ಲ ಕೇಳಿ ಕೇಳಿ ಯಾರ ಕಿವಿಗೂ ಅದು ಬಿದ್ದಿರಲಿಲ್ಲ. ಬೆಳಗ್ಗಿನಿಂದ ಎಲ್ಲ ಯಂತ್ರಗಳಿಗೂ ಹಾರ ಬಿದ್ದಿತ್ತು. ಕ್ಯಾಂಟೀನಿನ ಮಿಕ್ಸರಿಗೂ ಕೂಡ. ಸೋಗಿನ ಕಡೆಗೆ ಹೂವಿನ ಬುಟ್ಟಿ ಹಿಡಿದು ಒಬ್ಬರೂ ಹೋಗಿರಲಿಲ್ಲ. ಏನನ್ನೂ ಮಾಡದ ಅದನ್ನು ಯಂತ್ರವೆಂದು ಯಾರೂ ಎಣಿಸಿಯೇ ಇರಲಿಲ್ಲ.

ಅವಳು ನಿರಂಜನನಿಗೆ ಫೋನು ಮಾಡಿದಳು. ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ.

"ಸೋಗಿಗೆ ರಜಾದ ದಿನಾ ಯಾವ ಪಟ್ಟಿ ನೋಡಿ ಹಾಕೀರಿ?" ಎಂದು, ತಾನೇಕೆ ಕೇಳುತ್ತಿದ್ದೇನೆ ಎಂದು ಹೇಳದೆ ಕೇಳಿದಳು.

"ಶೇರುಪೇಟೆಯ ಪಟ್ಟಿ ಮೇಡಂ. ಅದಿರೋದು ಅವರಿಗೋಸ್ಕರ ಅಲ್ವಾ? ನಾಳೆ ದಸರೆಗೆ ನಿಲ್ಲತ್ತೆ. ಯಾಕೆ, ಏನಾದ್ರೂ ತೊಂದರೆನಾ?"

"ಏನಿಲ್ಲ. ಹಬ್ಬಾ ಮಾಡ್ರಿ."

ಖಂಡೇನವಮಿಯ ದಿನ ಮುಂಬಯಿಯ ಪೇಟೆ ತೆರೆದಿರುತ್ತದೆ.

ಅವಳು ಸೋಗಿನ ಗುಂಡಿಯ ಮೇಲೆ ಕಟ್ಟಿದ್ದ ಕೋಣೆಗೆ ಹೋದಳು. ಒಳಗೆ ಗೋಡೆಯ ಮೇಲೆ ಕೆಂಪು ಬಟನ್ನೊಂದಿತ್ತು. ಒತ್ತಿದರೆ ಸಾಕು, ಸದ್ದು ನಿಲ್ಲುತ್ತದೆ. ಬೆಳಗ್ಗಿನಿಂದ ಬಡಿದ ನಾಲ್ಕು ತಾಸಿಗೆ ಕಂಪನಿ ಏನಾದರೊಂದು ಸಬೂಬು ಹೇಳಬಹುದು. ಹಾಗೆ ಮಾಡಿದರೆ ದಸರೆಯ ಮರುದಿನ ಹನ್ನೊಂದು ಜನ ಮತ್ತೆ ಕಂಬದ ಬುಡಕ್ಕೆ ಬರುತ್ತಾರೆ. ಮಾಡದಿದ್ದರೆ, ಊರೆಲ್ಲ ಸುಮ್ಮನಿರುವಾಗ ಬಡಿಯುವ ಈ ಒಂದೇ ಸದ್ದು ನೆಲಗಿವಿಗೆ ಬರಿಮೈಯಲ್ಲಿ ಕಾಣುತ್ತದೆ. ನಿಜವಾದ ಸುತ್ತಿಗೆಯ ಹಿಂದೆ ಕುಲುಮೆಯ ಗಾಳಿಯಂತ್ರದ ಗುಂಯ್‌ಗುಡುವಿಕೆ ಇರುತ್ತದೆ, ಅಂಚು ಕತ್ತರಿಸುವ ಪ್ರೆಸ್ಸಿನ ಸಣ್ಣ ಏಟು ಇರುತ್ತದೆ. ಇದರ ಹಿಂದೆ ಏನೂ ಇಲ್ಲ. ಬೇರೆ ದಿನ ಮುನ್ನೂರು ಶೆಡ್ಡುಗಳ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತಿತ್ತು. ಕಂಪನಿ ಮುಳುಗಬಹುದು. ಆರುನೂರು ಮನೆಗಳ ಪಗಾರ ನಿಲ್ಲಬಹುದು, ತನ್ನದೂ ಸೇರಿ.

ಅವಳು ಗುಂಡು ಬೀಳುವುದನ್ನು ಹತ್ತು ಸಲ ನೋಡಿದಳು. ಆಮೇಲೆ ಹೊರಗೆ ಬಂದು ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ಗೇಟಿನ ಕಾವಲುಗಾರ ಕೇಳಿದ, "ಹಿಂದ ಏನೋ ಸಪ್ಪಳ ಬರಾಕತ್ತೈತಲ್ರಿ ಬಾಯಾರ?"

"ಬರ್ಲಿ ಬಿಡು. ಪ್ರಸಾದ ತಗೊಂಡಿ ಇಲ್ಲ?"

ಮರುದಿನ ದಸರೆ. ಬನ್ನಿ ಎಲೆ ಕೊಡಲು ದಸ್ತಗೀರ ಮನೆಗೆ ಬಂದ. "ಬಂಗಾರದಂಗ ಇರೂಣ ಅಕ್ಕಾ," ಎಂದು ಎಲೆಯನ್ನು ಕೈಗಿತ್ತು, ಅಂಬವ್ವನ ಕಾಲು ಮುಟ್ಟಿದ. ಸುಲೋಚನಾ ತಾನೂ ಎಲೆ ಕೊಟ್ಟಳು. ಅವನ ಮುಖ ನೋಡುವುದು ಅವಳಿಂದ ಆಗಲಿಲ್ಲ. ಅಂಬವ್ವ ಅಂದು ಫೋನನ್ನು ಮುಟ್ಟಲೇ ಇಲ್ಲ.

ಪೇಟೆ ತೆರೆದ ದಿನ ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ದೇಸಾಯಿಯ ಗೋಡೆಯ ಗೆರೆ ಬಾವಿಗೆ ಬಿದ್ದ ಕೊಡದಂತೆ ಇಳಿಯಿತು. ನೆಲಗಿವಿಯವರ ವರದಿ ಎರಡೇ ಪುಟದ್ದು: ಇಡೀ ವಸಾಹತು ನಿಂತ ದಿನ ಒಂದು ಕಾರ್ಖಾನೆ ಮಾತ್ರ ಬಡಿದಿದೆ, ಬಡಿದದ್ದು ಸುತ್ತಿಗೆಯಲ್ಲ, ಹಿಂದಿನ ಆರು ವಾರದ್ದನ್ನೂ ಮತ್ತೆ ಕೇಳಿ ನೋಡಿದ್ದೇವೆ. ಮಧ್ಯಾಹ್ನದೊಳಗೆ ಸಾಲ ಕೊಟ್ಟವರು ಬಂದರು, ಮರುದಿನ ಸರ್ಕಾರದ ಕಾರ್ಖಾನೆ ತಪಾಸಣೆಯವರು ಬಂದರು. ಸುಲೋಚನಾ ತನ್ನ ಎರಡೂ ಕಾಗದಗಳ ಪ್ರತಿಯನ್ನು ಅವರ ಕೈಗಿಟ್ಟು, ಕಂಬದ ಬುಡ ತೋರಿಸಿದಳು. ದೊಡ್ಡಪ್ಪನಿಗೆ ಸೀಲು ಬಿತ್ತು. ದೇಸಾಯಿ ಅಂದೇ ಎದೆನೋವೆಂದು ಪುಣೆಗೆ ಹೋದ.

ನಂಬಿಕೆ ವಿಭಾಗದವರು ಅವಳನ್ನು ಎರಡು ತಾಸು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ: ಹೊರಗಿನವರಿಗೆ ಹೇಳಿದವರು ಯಾರು?

"ಯಾರು ಹೇಳಬೇಕ್ರಿ?" ಎಂದಳು. "ಖಂಡೇನವಮಿ ದಿನ ನೀವ ಡಂಗುರ ಹೊಡದೀರಿ."

ಆದರೆ ಅವಳು ಗುಂಡಿಯ ಕೋಣೆಗೆ ಹೋಗಿ ಕೀಲಿ ಹಾಕಿ ಬಂದದ್ದು ಕ್ಯಾಮೆರಾದಲ್ಲಿತ್ತು. ಆ ಚಿತ್ರ ಸಂಜೆಯೊಳಗೆ ಎಲ್ಲರ ಫೋನಿಗೆ ಬಂತು. ಪಗಾರ ನಿಂತಿತ್ತು. ಅಂಗಡಿಗೆ ಅವಳು ಬಂದರೆ ಮಾತು ನಿಲ್ಲುತ್ತಿತ್ತು.

ನಾಲ್ಕನೆಯ ದಿನ ದಸ್ತಗೀರ ಬಂದ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ನಿಂತ.

"ಎಲ್ಲಾರೂ ಒಂದ ಮಾತ ಆಡಾಕತ್ತಾರ ಅಕ್ಕಾ."

"ಏನಂತ?"

"ಸುಲೋಚನಕ್ಕ ಮೊದಲ ಶೇರು ಮಾರಿದ್ಲು, ಆಮ್ಯಾಲ ಕೀಲಿ ಹಾಕಿದ್ಲು ಅಂತ."

"ನೀ ಏನಂತಿ?"

"ನಾ ಏನೂ ಅಂದಿಲ್ಲ. ಕೇಳಾಕ ಬಂದೇನಿ."

ಅವಳು ತನ್ನ ಫೋನಿನ ಲಾಕು ತೆಗೆದು ಅವನ ಕೈಗೆ ಕೊಟ್ಟಳು. ಬೇಡ ಅಕ್ಕಾ ಎನ್ನುತ್ತಾನೆ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತ್ತು. ಅವನು ಅನ್ನಲಿಲ್ಲ. ಕಟ್ಟೆಯ ಮೇಲೆ ಕುಳಿತು, ಬ್ಯಾಂಕು, ಸಂದೇಶ, ಶೇರು, ಒಂದೊಂದನ್ನೂ ತೆರೆದು ನಿಧಾನವಾಗಿ ನೋಡಿದ. ಐದು ನಿಮಿಷವಾದ ಮೇಲೆ ತಿರುಗಿ ಕೊಟ್ಟ.

"ತಪ್ಪ ತಿಳಕೋಬ್ಯಾಡ."

"ನೋಡಿದ್ದ ಛಲೋ ಆತು. ನೋಡದ ಹೋಗಿದ್ರ ನಿನ್ನ ಹೊಟ್ಟ್ಯಾಗ ಉಳೀತಿತ್ತು." ಅವಳು ಒಳಗೆ ಹೋಗಿ ಇನ್ನೊಂದು ಫೋನು ತಂದಳು. ಮೂರು ದಿನದಿಂದ ಅವಳಿಗೆ ಇದು ಗೊತ್ತಿತ್ತು. "ಇದನ್ನೂ ನೋಡು. ನಮ್ಮತ್ತೀದು."

ಖಂಡೇನವಮಿಯ ದಿನ ಮಧ್ಯಾಹ್ನ ಎರಡು ಗಂಟೆಗೆ ಅಂಬವ್ವ ಕರಿಕಲ್ಲಿನ ಹದಿನೆಂಟು ಶೇರು ಬೀಳಿಸಿದ್ದಳು.

ದಸ್ತಗೀರ ಅದನ್ನು ಎರಡು ಸಲ ಓದಿದ. ಅಡುಗೆಮನೆಯ ಬಾಗಿಲಲ್ಲಿ ಅಂಬವ್ವ ಬಂದು ನಿಂತಿದ್ದಳು.

"ಅಕಿ ಹೇಳಿಲ್ಲಪಾ," ಎಂದಳು. "ನನ್ನ ಸೊಸಿ ಬಾಯಿ ಕಬ್ಬಿಣದ ಪೆಟಗಿ. ನಾ ಊಟಾ ಮಾಡಿ ಚಾಪಿ ಮ್ಯಾಲ ಅಡ್ಡಾಗಿದ್ದೆ. ಐವತ್ತ ವರ್ಷ ಆತು ಈ ಮನಿಗೆ ಬಂದು. ಆ ದಿನ ನೆಲಾ ಬಡಕೊಂಡಿದ್ದ ಒಂದ ವರ್ಷಾನೂ ಕೇಳಿಲ್ಲ. ಅಲ್ಲಿ ಏನೋ ಸುಳ್ಳ ಐತಿ ಅಂದ್ಕೊಂಡೆ."

"ಸೊಸಿ ಕಂಪನಿ ಮುಟ್ಟಂಗಿಲ್ಲ ಅಂತ ಬರದ ಕೊಟ್ಟಿದ್ರಿ," ಎಂದಳು ಸುಲೋಚನಾ.

"ಸೊಸಿ ಕಂಪನಿ ಮಾರಿಲ್ಲವಾ. ಸುಳ್ಳ ಬಡಿಯೂ ಕಂಪನಿ ಮಾರೇನಿ. ಬಂದದ್ದು ಹಂಗ ಇಟ್ಟೇನಿ, ಬೇಕಾದ್ರ ತಗೋರಿ."

ದಸ್ತಗೀರ ಫೋನನ್ನು ಕಟ್ಟೆಯ ಮೇಲೆ ಇಟ್ಟ.

"ತಪಾಸಣೆಯವರು ಇವತ್ತ ಕಂಬದ ಕೆಳಗಿನ ಬೋಲ್ಟು ಬಿಚ್ಚಿದ್ರು," ಎಂದ. "ನನ್ನನ್ನ ಕರದು ತೋರಿಸಿದ್ರು. ಸೀಳದ ಉಕ್ಕು ಬೆರಳ ದಪ್ಪ ಉಳದಿತ್ತು ಅಕ್ಕಾ. ಅಷ್ಟ." ಅವನು ತೋರುಬೆರಳನ್ನು ಎತ್ತಿ ತಾನೇ ನೋಡಿಕೊಂಡ. ಆಮೇಲೆ ಅಂಬವ್ವನ ಕಡೆಗೆ ತಿರುಗಿದ. "ಎರಡ ಕಿಲೋಮೀಟರ್ ದೂರ ಚಾಪಿ ಮ್ಯಾಲ ಮಲಗಿದ್ದ ನಿಮಗ ಕೇಳ್ತು. ಮುಂಬಯಿದಾಗ ಕುಂತವ್ರಿಗೆ ಕೇಳ್ತು. ನಾವು ಹನ್ನೊಂದ ಮಂದಿ ಅದರ ಬುಡಕ್ಕ ನಿಂತ ಹಾರ ಹಾಕಿದ್ವಿ. ನಮಗ ಯಾಕ ಕೇಳಲಿಲ್ಲ?"

"ಕೇಳಿತ್ತೋ ದಸ್ತಗೀರ," ಎಂದಳು ಸುಲೋಚನಾ. "ನನಗೂ ಕೇಳಿತ್ತು, ನಿನಗೂ ಕೇಳಿತ್ತು. ಒಂದನೇ ತಾರೀಕಿಗೆ ಪಗಾರ ಆಗ್ತಿತ್ತಲ್ಲ."

ಅವನು ಕಟ್ಟೆಯಿಂದ ಎದ್ದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.